ಹ್ಯಾಂಡಲ್ ಇಳಿಸಿದ ಮೇಲೆ ಲಿವರ್‌ಗಳಿಗೂ ಹೊಸ ಜಾಗ ಬೇಕು

ಬೈಕ್ ರಿಪೇರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹ್ಯಾಂಡಲ್ ಬದಲಿಸುವುದು ಸುಲಭದ ಕೆಲಸ ಅಂದುಕೊಂಡಿದ್ದೆ. ಹಳೆಯದನ್ನು ಬಿಚ್ಚಬೇಕು, ಹೊಸದನ್ನು ಕೂರಿಸಬೇಕು, ಬ್ರೇಕ್, ಕ್ಲಚ್ ಲಿವರ್, ಸ್ವಿಚ್ ಎಲ್ಲ ಮೊದಲಿದ್ದ ಹಾಗೆ ಸಿಕ್ಕಿಸಿ ಬೋಲ್ಟ್ ಬಿಗಿ ಮಾಡಬೇಕು, ಅಷ್ಟೇ. ನಾನು ಮಾಡಿಕೊಟ್ಟ ಒಂದು ಬೈಕ್ ವಾರದೊಳಗೆ ವಾಪಸ್ ಬಂತು. ಅವತ್ತಿನಿಂದ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ.

ಬೈಕಿನವರು ಎತ್ತರದ ಹ್ಯಾಂಡಲ್ ತೆಗೆಸಿ ತಗ್ಗಿನದು ಹಾಕಿಸಿಕೊಂಡಿದ್ದರು. ಬಂದವರು ಎರಡು ವಿಷಯ ಹೇಳಿದರು. "ಸ್ವಲ್ಪ ದೂರ ಓಡಿಸಿದರೆ ಮಣಿಕಟ್ಟು ನೋಯುತ್ತೆ, ಅಂಗೈ ಜೋಮು ಹಿಡಿಯುತ್ತೆ. ಆಮೇಲೆ, ಎಡಕ್ಕೆ ಪೂರ್ತಿ ತಿರುಗಿಸಿದರೆ ಇಂಜಿನ್ ತಾನಾಗೇ ರೈಸ್ ಆಗುತ್ತೆ." ಎರಡನೆಯದನ್ನು ಕೇಳಿ ಎದೆ ಝಲ್ಲೆಂದಿತು. ಇಕ್ಕಟ್ಟಿನ ಜಾಗದಲ್ಲಿ ಯು ಟರ್ನ್ ಹೊಡೆಯುವಾಗ ಬೈಕ್ ಮುಂದಕ್ಕೆ ನುಗ್ಗಿದ್ದರೆ ಏನು ಗತಿ? ಅವರಿಗೇನೂ ಆಗಿರಲಿಲ್ಲ. ಆದರೂ ನಾನು ಬೈಕ್ ಕೊಡುವ ಮೊದಲು ಇದನ್ನು ನೋಡಲೇಬೇಕಿತ್ತು.

ಮೊದಲು ಇಂಜಿನ್ ರೈಸ್ ಆಗುವ ತೊಂದರೆಗೇ ಕೈ ಹಾಕಿದೆ. ಹ್ಯಾಂಡಲ್ ತಗ್ಗಾದಾಗ ಥ್ರಾಟಲ್ (ಆಕ್ಸಿಲರೇಟರ್) ಕೇಬಲ್ ಮೊದಲಿನ ದಾರಿಯಲ್ಲಿ ಹೋಗುವುದಿಲ್ಲ. ಉಳಿದ ಉದ್ದ ಎಲ್ಲೋ ಬಾಗುತ್ತದೆ, ಇಲ್ಲವೇ ಫ್ರೇಮ್‌ಗೆ ಸಿಕ್ಕಿಕೊಳ್ಳುತ್ತದೆ. ಎಡಕ್ಕೆ ತಿರುಗಿಸಿದರೆ ಬಲಗಡೆಯ ಹಿಡಿ ಮುಂದಕ್ಕೆ ಹೋಗುತ್ತದೆ. ಕೇಬಲ್ ಸಿಕ್ಕಿಕೊಂಡಿದ್ದರೆ ಆಗ ಎಳೆತ ಬಂದು ಥ್ರಾಟಲ್ ತೆರೆಯುತ್ತದೆ. ಈ ಬೈಕಿನಲ್ಲೂ ಅದೇ ಆಗಿತ್ತು. ಕೇಬಲ್ ಬಿಡಿಸಿ, ದೊಡ್ಡ ಬಾಗು ಬರುವ ಹಾಗೆ ಬೇರೆ ದಾರಿಯಲ್ಲಿ ಎಳೆದೆ. ಹಿಡಿಯನ್ನು ತಿರುಗಿಸುವಾಗ ಮೊದಲ 2ರಿಂದ 6 ಮಿ.ಮೀ.ವರೆಗೆ ಖಾಲಿ ಆಟ, ಅಂದರೆ ಕೇಬಲ್ ಎಳೆಯದೆ ಸುಮ್ನೆ ಅಲುಗುವ ಜಾಗ, ಇರುವುದು ಸಾಮಾನ್ಯ, ಅಷ್ಟು ಬಿಟ್ಟೆ. ಆಮೇಲೆ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಇಂಜಿನ್ ಚಾಲು ಇಟ್ಟು, ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿದೆ. ಶಬ್ದ ಒಂದಿಷ್ಟೂ ಏರಲಿಲ್ಲ.

ಹ್ಯಾಂಡಲ್ ತಿರುಗಿಸಿದಾಗಲೇ ಇನ್ನೊಂದನ್ನೂ ನೋಡಬೇಕು. ಹೆಬ್ಬೆರಳು ಟ್ಯಾಂಕಿಗೂ ಹಿಡಿಗೂ ನಡುವೆ ಸಿಕ್ಕಿಕೊಳ್ಳಬಾರದು. ಸ್ವಿಚ್ ಟ್ಯಾಂಕಿಗೆ ಬಡಿಯಬಾರದು. ವೈರ್‌ಗಳು ಬಿಗಿಯಾಗಬಾರದು.

ಇನ್ನು ಕೈ ನೋವಿನ ವಿಷಯ. ನಾನು ಲಿವರ್‌ಗಳನ್ನು ಹಳೆಯ ಹ್ಯಾಂಡಲ್‌ನಲ್ಲಿದ್ದ ಓರೆಯಲ್ಲೇ ಬಿಗಿ ಮಾಡಿದ್ದೆ. ಹಿಡಿ ಕೆಳಗೆ ಹೋದ ಮೇಲೆ ತೋಳು ಮೇಲಿನಿಂದ ಇಳಿದು ಬರುತ್ತದೆ. ಲಿವರ್ ಮಾತ್ರ ಮೊದಲಿನ ಹಾಗೇ ಇದ್ದರೆ, ಅದನ್ನು ಮುಟ್ಟಲು ಬೆರಳು ಮೇಲೆತ್ತಬೇಕು. ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಮುಂದಕ್ಕೆ ಬಾಗಿ ಕೂತಾಗ ಮೈಭಾರವೂ ಕೈ ಮೇಲೆ ಜಾಸ್ತಿ ಬೀಳುತ್ತದೆ. ಎರಡೂ ಸೇರಿದರೆ ನೋಯದೆ ಇರುತ್ತಾ?

ಇದನ್ನು ಸುಮ್ನೆ ಬೈಕ್ ನೋಡಿ ಸರಿ ಮಾಡಲು ಆಗುವುದಿಲ್ಲ. ಓಡಿಸುವವರೇ ಕೂರಬೇಕು. ಅವರನ್ನು ಕೂರಿಸಿ, ದಿನಾ ಓಡಿಸುವ ಹಾಗೇ ಬಾಗಲು ಹೇಳಿದೆ. ಕಣ್ಣು ಮುಚ್ಚಿ, ಹಿಡಿ ಹಿಡಿದು, ಬೆರಳು ನೇರ ಚಾಚಲು ಹೇಳಿದೆ. ಲಿವರ್ ಬೋಲ್ಟ್ ಸಡಿಲಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರುವವರೆಗೆ ಲಿವರ್ ಕೆಳಕ್ಕೆ ತಿರುಗಿಸಿದೆ. "ಹಾಂ, ಈಗ ಹುಡುಕೋ ಹಾಗೇ ಇಲ್ಲ" ಅಂದರು. ಅವರಿಗಿಂತ ಉದ್ದ ಇರುವವರು ಕೂತಿದ್ದರೆ ಆ ಓರೆ ಬೇರೆಯೇ ಆಗುತ್ತಿತ್ತು. ಟ್ಯಾಂಕ್ ಮೇಲೆ ಪೂರ್ತಿ ಬಾಗುವವರ ತೋಳು ಮಟ್ಟಸವಾಗಿರುತ್ತದೆ, ಅವರಿಗೆ ಲಿವರ್ ಇಷ್ಟು ಇಳಿಸಿದರೆ ತಪ್ಪಾಗುತ್ತದೆ.

ಮುಂದಿನ ಡಿಸ್ಕ್ ಬ್ರೇಕ್ ಇದ್ದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಎಷ್ಟೋ ಬೈಕ್‌ಗಳಲ್ಲಿ ಲಿವರ್ ಜೊತೆಗೇ ಬ್ರೇಕ್ ಆಯಿಲ್ ಡಬ್ಬಿಯೂ ತಿರುಗುತ್ತದೆ. ಅದು ಜಾಸ್ತಿ ಓರೆಯಾಗಿ ಆಯಿಲ್ ಕಡಿಮೆ ಇದ್ದರೆ ಗಾಳಿ ಒಳಗೆ ಹೋಗಬಹುದು, ಬ್ರೇಕ್ ಮೆತ್ತಗಾಗುತ್ತದೆ. ಬೈಕ್ ನೆಟ್ಟಗೆ ನಿಲ್ಲಿಸಿ, ಹ್ಯಾಂಡಲ್ ನೇರ ಮಾಡಿ ಆಯಿಲ್ ಮಟ್ಟ ನೋಡಿ. ಲಿವರ್ ಹಿಡಿದು ನೋಡಿದಾಗ ಮೆತ್ತಗೆ ಅನ್ನಿಸಿದರೆ ಗಾಳಿ ತೆಗೆಯದೆ ಬೈಕ್ ಕೊಡಬೇಡಿ.

ಕ್ಲಚ್ ಕೇಬಲ್ ಬಾಗಿದಷ್ಟೂ ಲಿವರ್ ಗಟ್ಟಿಯಾಗುತ್ತದೆ. ದಾರಿ ಸರಿ ಮಾಡಿದ ಮೇಲೆ ಖಾಲಿ ಆಟವನ್ನು ಹೊಸದಾಗಿ ಹೊಂದಿಸಬೇಕು. ಲಿವರ್ ಬುಡದಲ್ಲಿ 2–3 ಮಿ.ಮೀ. ಇರುವ ಬೈಕ್‌ಗಳೇ ಜಾಸ್ತಿ. ಇದನ್ನೂ ಹ್ಯಾಂಡಲ್ ಎರಡು ಕಡೆ ತಿರುಗಿಸಿ ನೋಡಿ.

ಕೆಲವರು ಮಾಡುವ ಒಂದು ಕೆಲಸ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಸ್ವಿಚ್ ಡಬ್ಬಿಯ ಒಳಗೆ ಚಿಕ್ಕ ಮೊಳೆಯಂಥದ್ದು ಇರುತ್ತದೆ, ಅದು ಹ್ಯಾಂಡಲ್‌ನ ತೂತಿನಲ್ಲಿ ಕೂರಬೇಕು. ಹೊಸ ಹ್ಯಾಂಡಲ್‌ನಲ್ಲಿ ತೂತು ಇಲ್ಲದಿದ್ದರೆ ಆ ಮೊಳೆಯನ್ನೇ ಉಜ್ಜಿ ತೆಗೆದುಬಿಡುತ್ತಾರೆ. ಆಮೇಲೆ ಥ್ರಾಟಲ್ ಕಡೆಯ ಡಬ್ಬಿ ಕೈ ಜೊತೆಗೇ ಜಾರಿ ತಿರುಗುತ್ತದೆ. ಲಿವರ್ ಜಾಗ ಗೊತ್ತಾದ ಮೇಲೆ, ಡಬ್ಬಿ ಎಲ್ಲಿಗೆ ಬರುತ್ತದೆ ಅಂತ ಗುರುತು ಮಾಡಿ, ಅಲ್ಲೇ ಮೊಳೆಯಷ್ಟೇ ದಪ್ಪದ ತೂತು ಕೊರೆಯಬೇಕು. ಸಮಯ ಹಿಡಿಯುತ್ತದೆ, ಹಿಡಿಯಲಿ.

ಇಷ್ಟೆಲ್ಲ ಆದ ಮೇಲೆ ಬೈಕಿನವರು ಕಾಲಿನ ವಿಷಯ ತೆಗೆದರು. ಮುಂದಕ್ಕೆ ಬಾಗಿದ ಮೇಲೆ ಪಾದದ ಓರೆ ಬದಲಾಗಿ, ಹಿಂದಿನ ಬ್ರೇಕ್ ಒತ್ತಲು ಪಾದ ಎತ್ತಬೇಕಾಗಿತ್ತಂತೆ. ಪೆಡಲ್ ಸ್ವಲ್ಪ ಇಳಿಸಿದೆ. ಪೆಡಲ್ ಇಳಿಸಿದರೆ ಬ್ರೇಕ್ ಲೈಟ್ ಸ್ವಿಚ್ಚನ್ನೂ ಹೊಂದಿಸಬೇಕು, ಇಲ್ಲದಿದ್ದರೆ ಲೈಟ್ ಉರಿಯುತ್ತಲೇ ಇರುತ್ತದೆ ಅಥವಾ ತಡವಾಗಿ ಉರಿಯುತ್ತದೆ. ಅವರು ಪೆಡಲ್ ಒತ್ತಿದರು, ನಾನು ಹಿಂದೆ ಕೂತು ನೋಡಿದೆ. ಲೈಟ್ ಸರಿಯಾಗಿ ಉರಿದು ಆರಿತು. ಆಮೇಲೆ ಕೀ ಕೊಟ್ಟೆ.