ವೀರಗಲ್ಲಲ್ಲಿ ಇಲ್ಲದ ಹುಲಿ

ನಮ್ ಮ್ಯೂಸಿಯಂಗೆ ತಿಂಗಳಿಗೊಂದು ಭಾನುವಾರ ಸ್ಕೆಚಿಂಗ್ ಗ್ರೂಪ್ ಬರುತ್ತೆ. ಕಾಲೇಜು ಹುಡುಗ್ರು, ಐಟಿಯವ್ರು, ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು, ಮಕ್ಕಳನ್ನ ಕರ್ಕೊಂಡು ಬರೋ ಅಮ್ಮಂದಿರು, ಇಪ್ಪತ್ತು ಜನ ಇರಬಹುದು. ಇದು ಸಾಹೇಬ್ರ ಐಡಿಯಾ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನವ್ರು 2015ರಲ್ಲಿ ಫೋಟೋ ಹೊಡೆಯೋದು ಬಿಟ್ಟು ಚಿತ್ರ ಬರೀರಿ ಅಂತ ಜನಕ್ಕೆ ಪುಸ್ತಕ ಪೆನ್ಸಿಲ್ ಕೊಟ್ಟಿದ್ದನ್ನ ಎಲ್ಲೋ ಓದಿದ್ರು. ನಾವು ಕೊಡೋದು ಮಡಚೋ ಸ್ಟೂಲು, ಅದ್ರಲ್ಲೂ ಅರ್ಧ ಮುರಿದಿವೆ, ಹೊಸದು ಬೇಕು ಅಂತ ಇಂಡೆಂಟ್ ಹಾಕಿ ಕಾಯ್ತಾ ಇದೀವಿ.

ನಾನು ಗೈಡ್ ಲೆಕ್ಚರರ್. ಪೆನ್ಸಿಲ್ ಬಿಟ್ಟು ಇಂಕು, ವಾಟರ್ ಕಲರ್ ಒಳಗೆ ಬರದ ಹಾಗೆ ನೋಡ್ಕೋಬೇಕು, ಯಾರೂ ಕಲ್ಲಿಗೆ ಒರಗಬಾರ್ದು, ಆಮೇಲೆ ಶುರುವಲ್ಲಿ ಹತ್ತು ನಿಮಿಷ ವಿವರಣೆ. ಎಡವಟ್ಟಾಗಿದ್ದು ಆ ಹತ್ತು ನಿಮಿಷದಲ್ಲೇ.

ಆವತ್ತು ಮೂರು ಹಂತದ ಒಂದು ವೀರಗಲ್ಲು ಆರಿಸಿದ್ವಿ. ಲೇಬಲ್‌ನಲ್ಲಿ 'ಹುಲಿಯೊಡನೆ ಹೋರಾಡಿ ಮಡಿದ ವೀರ' ಅಂತಿತ್ತು. ನಾನು ಕಲ್ಲಿಗೆ ಬೆನ್ನು ಹಾಕ್ಕೊಂಡು ಶುರು ಹಚ್ಕೊಂಡೆ, ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನ ಮೇಲಕ್ಕೆ ಕರ್ಕೊಂಡು ಹೋಗೋದು, ಮೇಲ್ಗಡೆ ಲಿಂಗದ ಮುಂದೆ ಅವನು ಕೂತಿರೋದು, ಮೃಗದ ಜೊತೆ ಸೆಣಸಿ ಸತ್ತವ್ರಿಗೂ ಕಲ್ಲು ನೆಡ್ತಿದ್ರು, ಅಷ್ಟೇ ಯಾಕೆ, ಬೆಂಗಳೂರು ಮ್ಯೂಸಿಯಂನಲ್ಲಿರೋ ಆತಕೂರು ಕಲ್ಲು ನೋಡಿ, ಕ್ರಿ.ಶ. 949-50ರದ್ದು, ಕಾಳಿ ಅನ್ನೋ ನಾಯಿ ಹಂದಿ ಜೊತೆ ಕಾದಾಡಿ ಸತ್ತಿದ್ದು ಅದ್ರಲ್ಲಿದೆ ಅಂತ. ನಾಯಿ ಕಥೆ ಕೇಳಿ ಎಲ್ರೂ ಅಯ್ಯೋ ಪಾಪ ಅಂದ್ರು. ನಂಗೂ ಖುಷಿಯಾಯ್ತು.

ಚಿತ್ರ ಬಿಡಿಸೋಕೆ ಕೂತು ಸ್ವಲ್ಪ ಹೊತ್ತಾಗಿತ್ತು, ಒಬ್ಬ ಹುಡುಗ, ನಾಲ್ಕನೇ ಕ್ಲಾಸೋ ಐದೋ ಇರಬೇಕು, "ಅಂಕಲ್, ಹುಲಿ ಎಲ್ಲಿದೆ? ನಂಗೆ ಬರೀ ಹಸುನೇ ಕಾಣ್ತಿದೆ" ಅಂದ. ನಾನು ಆಗ ಅಟೆಂಡರ್ ಜೊತೆ ಸ್ಟೂಲ್ ವಿಷ್ಯಕ್ಕೆ ಕಿತ್ತಾಡ್ತಿದ್ದೆ. ತಿರುಗಿ ನೋಡದೇನೇ "ಸವೆದು ಹೋಗಿದೆ ಪುಟ್ಟಾ, ಎಡಗಡೆ ಮೂಲೇಲಿ ಸರಿಯಾಗಿ ನೋಡು" ಅಂದ್ಬಿಟ್ಟೆ.

ಕೊನೇಲಿ ಎಲ್ರ ಸ್ಕೆಚ್‌ನೂ ನೆಲದ ಮೇಲೆ ಸಾಲಾಗಿ ಇಟ್ವಿ. ಅರ್ಧಕ್ಕರ್ಧ ಜನ ಎಡಗಡೆ ಮೂಲೇಲಿ ಹುಲಿ ಬಿಡಿಸಿದ್ರು. ಮೇಷ್ಟ್ರ ಹುಲಿಗಂತೂ ಪಟ್ಟೆ, ಮೀಸೆ ಎಲ್ಲಾ ಇತ್ತು. ಆ ಹುಡುಗಂದ್ರಲ್ಲಿ ಮಾತ್ರ ಕೊಂಬೆತ್ತಿಕೊಂಡು ಸಾಲಾಗಿ ಹೋಗ್ತಿರೋ ಹಸುಗಳು. ಆವತ್ತು ಮೊದಲ ಸಲ ನಾನು ಕಲ್ಲನ್ನ ನೋಡಿದ್ದು ಆಗ್ಲೇ. ಹಸುಗಳೇ. ತುರುಗೊಳ್ ಕಲ್ಲು, ದನ ಬಿಡಿಸಿಕೊಂಡು ಬರೋಕೆ ಹೋಗಿ ಸತ್ತವಂದು. ಎಡಗಡೆ ಮೂಲೇಲಿ ಇದ್ದಿದ್ದು ಬರೀ ಚಕ್ಕೆ ಎದ್ದ ಕಲ್ಲು.

ಅದೇ ಹೊತ್ತಿಗೆ ಸರಿಯಾಗಿ ಸಾಹೇಬ್ರು ಯಾರೋ ಗೆಸ್ಟ್‌ಗಳನ್ನ ಕರ್ಕೊಂಡು ಬಂದ್ರು. ಬಗ್ಗಿ ನೋಡಿ "ಆಹಾ, ಹುಲಿ ಬಹಳ ಚೆನ್ನಾಗಿ ಬಂದಿದೆ" ಅಂದ್ರು. ಪಕ್ಕದ ಹಾಳೆ ನೋಡಿ "ಇದ್ಯಾಕೆ ಹಸು?" ಅಂದ್ರು. ಹುಡುಗ ನನ್ನ ಮುಖ ನೋಡ್ದ, ಅವರಮ್ಮನೂ ನೋಡಿದ್ರು. ಏನಾದ್ರೂ ತೇಪೆ ಹಾಕ್ಬಹುದಾ ಅಂತ ಯೋಚ್ನೆ ಮಾಡಿದ್ದೂ ನಿಜ. ಆಮೇಲೆ "ಸರ್, ಇವನು ಬಿಡಿಸಿರೋದೇ ಸರಿ, ಲೇಬಲ್ ನೋಡ್ಬೇಕು" ಅಂದೆ. ಗೆಸ್ಟ್ ಮುಂದೆ ಲೇಬಲ್ ತಪ್ಪು ಅಂದಿದ್ದಕ್ಕೆ ಅವ್ರ ಮುಖ ಗಂಟಾಯ್ತು, ಮಾತಾಡದೆ ಮುಂದೆ ಹೋದ್ರು. ಅದಕ್ಕಿಂತ ಚುಚ್ಚಿದ್ದು ಮೇಷ್ಟ್ರು ಹೇಳಿದ್ದು: "ನಂಗೂ ಮೊದ್ಲು ಕಾಣ್ಲಿಲ್ಲ ಸಾರ್, ನೀವು ಹೇಳಿದ್ಮೇಲೆ ಕಾಣಿಸ್ತು."

ಸೋಮವಾರ ರಜೆ, ಮಂಗಳವಾರ ಆಕ್ಸೆಶನ್ ನಂಬರ್, ಅಂದ್ರೆ ಕಲ್ಲಿಗೆ ಮ್ಯೂಸಿಯಂ ಕೊಟ್ಟಿರೋ ನಂಬರ್, ಹಿಡ್ಕೊಂಡು ರಿಜಿಸ್ಟರ್ ನೋಡಿದ್ರೆ ಆ ಲೇಬಲ್ ಎರಡು ಪೀಠ ಆಚೆ ಇರೋ ಕಲ್ಲಿಂದು. ಬಣ್ಣ ಹೊಡೆಯೋಕೆ ಅಂತ ಲೇಬಲ್ ಬಿಚ್ಚಿದವ್ರು ವಾಪಸ್ ಹಾಕುವಾಗ ಅದಲು ಬದಲು ಮಾಡಿದಾರೆ. ಆದ್ಮೇಲೆ ರಿಜಿಸ್ಟರಲ್ಲಿರೋದೆಲ್ಲಾ ಇದೆಯಾ ಅಂತ ನೋಡೋ ಫಿಸಿಕಲ್ ವೆರಿಫಿಕೇಶನ್ ಕೂಡ ಆಗಿದೆ, ನಂಬರ್ ಟ್ಯಾಲಿ, ಟಿಕ್, ಸೈನ್. ಕಲ್ಲಲ್ಲಿ ಏನಿದೆ ಅಂತ ನೋಡೋಕೆ ಫಾರ್ಮ್‌ನಲ್ಲಿ ಕಾಲಂ ಇಲ್ಲ.

ಈಗ ಮೊದ್ಲು ಬಿಡಿಸ್ತಾರೆ, ನಾನು ಆಮೇಲೆ ಬಾಯಿ ಬಿಡೋದು. ಲೇಬಲ್ ಮೇಲೆ ಹಾಳೆ ಮುಚ್ಚಿರ್ತೀನಿ, ಅದಕ್ಕೂ "ವಿಐಪಿ ಬಂದ್ರೆ ಏನ್ರೀ ಮಾಡೋದು" ಅಂತ ಸಾಹೇಬ್ರ ತಕರಾರು. ಎರಡು ಲೇಬಲ್ ಬಿಚ್ಚಿ ಅದಲು ಬದಲು ಮಾಡೋಕೆ ಸ್ಕ್ರೂಡ್ರೈವರ್ ಸಾಕು, ಆದ್ರೆ ಒಪ್ಪಿಗೆಗೆ ಅಂತ ನೋಟ್ ಶೀಟ್ ಮೇಲಿನವ್ರಿಗೆ ಹೋಗಿದೆ, ಅಲ್ಲಿವರ್ಗೂ ಸೆಲ್ಲೋ ಟೇಪ್ ಹಚ್ಚಿದ ಎ4 ಹಾಳೆ. ಮೇಷ್ಟ್ರು ಹುಲಿ ಅಳಿಸೋಕೆ ಒಪ್ಪಿಲ್ಲ, ಚೆನ್ನಾಗಿ ಬಂದಿದೆಯಂತೆ, ಗ್ರೂಪಿನ ಡಿಪಿ ಈಗ ಅದೇ.