ಒಳಮಡಿಕೆಯ ಕೆಂಪು

10 ಆಗಸ್ಟ್ 2025, ಭಾನುವಾರ, ಹಲಸೂರು

ಮಧ್ಯಾಹ್ನದಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಟೀವಿಯಲ್ಲೆಲ್ಲಾ ಹಳದಿ ಲೈನ್ ಮೆಟ್ರೋ ಸುದ್ದಿ. ನಾನು ಮಾತ್ರ ಮೇಜಿನ ಮೇಲಿರುವ ನಾಲ್ಕು ತುಂಡು ಬಟ್ಟೆ ನೋಡುತ್ತಾ ಕೂತಿದ್ದೇನೆ.

ಊಟ ಆದಮೇಲೆ ಮೇಲಿನ ಮನೆ ಅಜ್ಜಿ ಇಳಿದು ಬಂದರು. ಕೈಯಲ್ಲಿ ಹಳೇ ಕನ್ನಡಕದ ಡಬ್ಬಿ. ಅದರೊಳಗೆ ಹತ್ತಿ, ಹತ್ತಿಯ ಮೇಲೆ ಅವರಪ್ಪನ ರಿಬ್ಬನ್ ಪಟ್ಟಿ, ಯುದ್ಧದ ಮೆಡಲ್ ಬದಲು ಸಮವಸ್ತ್ರದ ಮೇಲೆ ಚುಚ್ಚಿಕೊಳ್ಳುವ ಬಣ್ಣದ ಬಟ್ಟೆ ತುಂಡುಗಳು. ಮೆಡಲ್‌ಗಳು ಯಾವತ್ತೋ ಹೋದವಂತೆ, ಕಷ್ಟದ ಕಾಲದಲ್ಲಿ ಪಾತ್ರೆಯವನಿಗೆ ಹಿತ್ತಾಳೆ ತೂಕಕ್ಕೆ ಹಾಕಿಬಿಟ್ಟರಂತೆ. ಅಜ್ಜಿಯ ಅಮ್ಮ ಈ ಪಟ್ಟಿಯನ್ನು ಮಾತ್ರ ಸೀರೆ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಿದ್ದರು.

"ನೀನು ಇಂಥದ್ದೆಲ್ಲಾ ನೋಡಿ ಹೇಳ್ತೀಯಂತಲ್ಲಪ್ಪ. ಶುಕ್ರವಾರದೊಳಗೆ ಅಪ್ಪನ ಫೋಟೋ ಜೊತೆ ಇದಕ್ಕೂ ಕಟ್ಟು ಹಾಕಿಸ್ತೀನಿ ಅಂತಾನೆ ಮೊಮ್ಮಗ. ಕೆಳಗೆ ಏನು ಬರೆಸ್ಲಿ ಅಂತ ಕೇಳ್ತಾವ್ನೆ. ಬರ್ಮಾ ಯುದ್ಧ ಅಂತ ಬರೆಸಿದ್ರೆ ಸಾಕು ಅಲ್ವಾ?"

ಮೂರನೇ ತುಂಡನ್ನು ಬೆರಳಿಟ್ಟು ತೋರಿಸಿದರು. ಕೇಸರಿ, ಬಿಳಿ, ಹಸಿರು. "ಇದು ನಮ್ಮ ಬಾವುಟದ್ದು. ಸ್ವಾತಂತ್ರ್ಯ ಬಂದಾಗ ಕೊಟ್ಟಿದ್ದು."

ನಾನು ಮೊದಲು ಸ್ಟೀಲ್ ಸ್ಕೇಲ್ ಹಿಡಿಯುತ್ತೇನೆ, ಬಣ್ಣ ಆಮೇಲೆ. ಬಣ್ಣ ಮೋಸ ಮಾಡುತ್ತದೆ, ಅಗಲ ಅಷ್ಟು ಸುಲಭಕ್ಕೆ ಮಾಡುವುದಿಲ್ಲ. ಬ್ರಿಟಿಷರ ರಿಬ್ಬನ್ 32 ಮಿಲಿಮೀಟರ್, ಅಮೆರಿಕದ್ದು 35, ಸೋವಿಯತ್‌ನದು 24. ಇದು ಸರಿಯಾಗಿ 32 ಇತ್ತು. ಹಾಗಂತ ಬಣ್ಣ ಬಿಡೋಕಾಗಲ್ಲ. ಫ್ರೆಂಚರ ಯುದ್ಧದ ಮೆಡಲ್ ಕ್ರುವಾ ದ ಗೇರ್ ನೋಡಿ, ಮೊದಲ ಮಹಾಯುದ್ಧದ್ದು ಹಸಿರಿನ ಮೇಲೆ ಕೆಂಪು ಗೆರೆ, ಎರಡನೆಯದ್ದು ಕೆಂಪಿನ ಮೇಲೆ ಹಸಿರು ಗೆರೆ. ಅದನ್ನು ಉಲ್ಟಾ ಓದಿ ನಾನೇ ಒಮ್ಮೆ ಒಬ್ಬರಿಗೆ ತಪ್ಪು ಹೇಳಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ.

ಮೊದಲನೆಯದು ಸುಲಭ: ಕಡುನೀಲಿ, ಕೆಂಪು, ತಿಳಿನೀಲಿ, 1939–45 ಸ್ಟಾರ್, ಅಂದರೆ ಎರಡನೇ ಮಹಾಯುದ್ಧದ ನಕ್ಷತ್ರದಾಕಾರದ ಮೆಡಲ್. ನೌಕಾಪಡೆ, ಭೂಸೇನೆ, ವಾಯುಪಡೆ ಮೂರರ ಬಣ್ಣ. ಎರಡನೆಯದು ಮರಳಿನ ಬಣ್ಣ, ನಡುವೆ ದಪ್ಪ ಕೆಂಪು, ಒಂದು ಪಕ್ಕ ಕಡುನೀಲಿ ಗೆರೆ, ಇನ್ನೊಂದು ಪಕ್ಕ ತಿಳಿನೀಲಿ. ಆಫ್ರಿಕಾ ಸ್ಟಾರ್. ಅದರ ಮಧ್ಯೆ ಎರಡು ಸಣ್ಣ ತೂತು. ಬ್ರಿಟಿಷರ ಎಂಟನೇ ಸೇನೆಯಲ್ಲಿದ್ದವರು ಅಲ್ಲಿ '8' ಅನ್ನೋ ಪುಟ್ಟ ಅಂಕಿ ಚುಚ್ಚಿಕೊಳ್ಳುತ್ತಿದ್ದರು, ಒಂದನೇ ಸೇನೆಯವರು '1'. ಯಾವುದೋ ಒಂದು ಬಿದ್ದುಹೋಗಿದೆ. ಕೊನೆಯದು 1939–45ರ ವಾರ್ ಮೆಡಲ್.

ಮೂರನೆಯದನ್ನು ನೋಡಿದ ತಕ್ಷಣ ಹೊಟ್ಟೆಯಲ್ಲಿ ಏನೋ ಆಯಿತು. ಸ್ವಾತಂತ್ರ್ಯ ಬಂದಾಗ ಕೊಟ್ಟ ಮೆಡಲ್‌ನ ರಿಬ್ಬನ್ನಿನಲ್ಲಿ ಮೂರೇ ಪಟ್ಟೆ. ಇದರಲ್ಲಿ ಐದಿತ್ತು. ಕೇಸರಿ, ಬಿಳಿ, ಹಸಿರು, ಮತ್ತೆ ಬಿಳಿ, ಮತ್ತೆ ಕೇಸರಿ. ಪಟ್ಟಿಯನ್ನು ತಿರುಗಿಸಿ, ತುಕ್ಕು ಹಿಡಿದ ಪಿನ್ನಿನ ಹಿಂದೆ ಮಡಚಿ ಹೊಲಿದಿದ್ದ ಅಂಚನ್ನು ಸೂಜಿಯಿಂದ ಮೆಲ್ಲಗೆ ಎತ್ತಿದೆ. ಬಿಸಿಲೇ ಕಾಣದ ಜಾಗ ಅದು. ಅಲ್ಲಿ ಕೇಸರಿ ಇರಲಿಲ್ಲ. ರಕ್ತದಂಥ ಕೆಂಪು.

ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು. ಇಟಲಿ ಸ್ಟಾರ್. ಅದು ಇಟಲಿಯ ಬಾವುಟದ ಬಣ್ಣ.

ಬರ್ಮಾ ಸ್ಟಾರ್ ಆಗಿದ್ದರೆ ನಡುವೆ ಅಗಲ ಕೆಂಪು, ಎರಡೂ ಕಡೆ ಕಡುನೀಲಿ, ಆ ನೀಲಿಯ ಮಧ್ಯೆ ಸೂರ್ಯನ ಹೆಸರಲ್ಲಿ ಒಂದು ಕಿತ್ತಳೆ ಗೆರೆ ಇರಬೇಕಿತ್ತು. ಇಲ್ಲ. ಪಟ್ಟಿಯಲ್ಲಿ ಬರ್ಮಾ ಇಲ್ಲವೇ ಇಲ್ಲ.

ಹೇಳಲೋ ಬೇಡವೋ ಅಂತ ಒಂದು ನಿಮಿಷ ಸುಮ್ನೆ ಕೂತೆ. ಎಂಬತ್ತರ ಹತ್ತಿರದ ಜೀವ. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು. ಆಮೇಲೆ ಒಳಗಿನ ಕೆಂಪನ್ನು ಭೂತಕನ್ನಡಿಯಲ್ಲಿ ಅವರಿಗೇ ತೋರಿಸಿದೆ. "ಅಜ್ಜಿ, ಇದು ನಮ್ಮ ಬಾವುಟದ್ದಲ್ಲ. ಇಟಲಿಯದ್ದು. ಬರ್ಮಾದ್ದು ಇದರಲ್ಲಿಲ್ಲ."

ಅವರು ಭೂತಕನ್ನಡಿ ಕೆಳಗಿಡಲಿಲ್ಲ. ಸುಮಾರು ಹೊತ್ತು ನೋಡಿದರು. ಆಮೇಲೆ ಕೇಳಿದ್ದು ನಾನು ಅಂದುಕೊಂಡ ಮಾತಲ್ಲ.

"ಇಟಲಿಯಲ್ಲಿ ಚಳಿನಾ?"

"ತುಂಬಾ ಅಜ್ಜಿ. ಹಿಮ ಬೀಳುತ್ತೆ."

"ಹಂಗಾದ್ರೆ ಸರಿ ಬಿಡು," ಅಂದರು. "ಬರ್ಮಾ ಅಂತಿದ್ದಿದ್ದು ಅಮ್ಮ. ಅಪ್ಪ ಅಲ್ಲ. ಅಪ್ಪ ಊರಿನ ಹೆಸರೇ ಹೇಳ್ತಿರಲಿಲ್ಲ. ಐಸಿನಂಥ ನೀರಲ್ಲಿ ಸೊಂಟದ ತನಕ ನಿಂತು ಸೇತುವೆ ಕಟ್ಟಿದ್ವಿ ಅಂತ ಒಂದೇ ಮಾತು. ಕಾಲಿನ ಎರಡು ಬೆರಳಿಗೆ ಉಗುರು ಇರಲಿಲ್ಲ. ಬರ್ಮಾ ಕಾಡಲ್ಲಿ ಐಸ್ ಎಲ್ಲಿಂದ ಬರುತ್ತೆ ಅಂತ ನಾನು ಸ್ಕೂಲಿಗೆ ಹೋಗುವಾಗಲೇ ಕೇಳಿದ್ದೆ. ಅಮ್ಮ ಬೈದು ಸುಮ್ನಿರಿಸಿದ್ಲು."

ಅವರಪ್ಪ ಇಲ್ಲೇ ಕೆರೆ ಪಕ್ಕದ, ಸೇತುವೆ ಕಟ್ಟುವ ಸೇನಾ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನವರು. ಆ ಪಡೆಯ ಕಂಪನಿಗಳು 4ನೇ ಇಂಡಿಯನ್ ಡಿವಿಷನ್ ಜೊತೆ ಆಫ್ರಿಕಾ ಮುಗಿಸಿ ಇಟಲಿಗೆ ಹೋಗಿದ್ದವು, 1944ರ ಚಳಿಯಲ್ಲಿ ಅಲ್ಲಿನ ಕಸೀನೋ ಪಟ್ಟಣದ ಹತ್ತಿರ ಇದ್ದವು. ಅದೇ ಫೆಬ್ರವರಿ 24ರಂದು ಮಿನ್ಯಾನೋದಲ್ಲಿ ಸುಬೇದಾರ್ ಸುಬ್ರಮಣಿಯನ್ ಜೊತೆಯವರನ್ನು ಉಳಿಸೋಕೆ ನೆಲಬಾಂಬಿನ ಮೇಲೆ ಬಿದ್ದು ಸತ್ತರು, ಬ್ರಿಟಿಷರ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಅವರೂ ಮದ್ರಾಸ್ ಸ್ಯಾಪರ್. ಇದನ್ನೆಲ್ಲಾ ಅಜ್ಜಿಗೆ ಹೇಳುತ್ತಾ ಹೋದೆ. ಅವರು ಕೇಳಿಸಿಕೊಂಡರೋ ಇಲ್ಲವೋ. "ಅಮ್ಮನಿಗೆ ಯುದ್ಧ ಅಂದ್ರೆ ಬರ್ಮಾನೇ ಅನ್ಸತ್ತೆ," ಅಂದರು. "ಬೀದಿಯವರೆಲ್ಲಾ ಹಂಗೇ ಅಂತಿದ್ರಲ್ಲ."

ಅವರು ಹತ್ತಿಹೋದ ಮೇಲೆ ನನಗೆ ಭಯ ಶುರುವಾಯಿತು. ರಿಬ್ಬನ್ ಪಟ್ಟಿಯ ಮೇಲೆ ಹೆಸರಿರುವುದಿಲ್ಲ. ಮೊದಲ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಆಗಿದ್ದರೆ ಅಂಚಿನಲ್ಲಿ ನಂಬರು, ಹೆಸರು, ಪಡೆ ಎಲ್ಲಾ ಕೊರೆದಿರುತ್ತಿತ್ತು. ಇದು ಬರೀ ಬಟ್ಟೆ, ತಗಡು, ಪಿನ್ನು. ಯಾವ ದರ್ಜಿಯ ಹತ್ತಿರ ಬೇಕಾದರೂ ಹೊಲಿಸಬಹುದಿತ್ತು. ಇನ್ನೊಬ್ಬರ ಪಟ್ಟಿ ಆ ಸೀರೆ ಮಡಿಕೆಗೆ ಬಂದು ಸೇರಿದ್ದರೆ? ನಾಲ್ಕೂ ಸರಿಯಾದ ಕ್ರಮದಲ್ಲಿವೆ, ಹಳೇ ಕೈಹೊಲಿಗೆ, ದಾರವೂ ಬಟ್ಟೆಯಷ್ಟೇ ಮಾಸಿದೆ. ನನ್ನ ಮನಸ್ಸು ಅವರಪ್ಪನದೇ ಅನ್ನುತ್ತದೆ. ಆ ಉಗುರಿಲ್ಲದ ಬೆರಳು ಕೂಡ ಅದನ್ನೇ ಅನ್ನುತ್ತದೆ. ಆದರೂ ಅವರ ಮಿಲಿಟ್ರಿ ನಂಬರು ಸಿಗುವ ತನಕ ಖಚಿತ ಅನ್ನಬಾರದಿತ್ತು, ನಾನು ಜಾಸ್ತಿ ಧೈರ್ಯವಾಗಿ ಹೇಳಿಬಿಟ್ಟೆ. ಪಿಂಚಣಿ ಪುಸ್ತಕ ಮೇಲಿನ ಟ್ರಂಕಿನಲ್ಲಿರಬಹುದು ಅಂದಿದ್ದಾರೆ. ನಾಳೆ ಆಫೀಸಿನಿಂದ ಬಂದು ಅಟ್ಟದಿಂದ ಇಳಿಸಿಕೊಡಬೇಕು.

ರಾತ್ರಿ ಒಂಬತ್ತಕ್ಕೆ ಮೊಮ್ಮಗ ಫೋನ್ ಮಾಡಿದ. ಕಟ್ಟು ಹಾಕುವವನಿಗೆ ಮಂಗಳವಾರದೊಳಗೆ ಅಕ್ಷರ ಹೇಳಬೇಕಂತೆ. "ಅಜ್ಜಿ ಏನಂದ್ರು?" ಅಂತ ಕೇಳಿದೆ. ಏನೂ ಅಂದಿಲ್ಲ, ಸಂಜೆಯಿಂದ ಅವರಮ್ಮನ ಫೋಟೋ ಇಳಿಸಿಕೊಂಡು ಒರೆಸುತ್ತಾ ಕೂತಿದ್ದಾರೆ ಅಂದ.

ಕನ್ನಡಕದ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಎತ್ತಿದ ಆ ಅಂಚನ್ನು ಮತ್ತೆ ಹೊಲಿಯಬೇಕು, ಅದೇ ಹಳೇ ತೂತುಗಳಲ್ಲಿ. ಆದರೆ ಹೊಲಿದರೆ ಕೆಂಪು ಮತ್ತೆ ಒಳಗೆ ಹೋಗುತ್ತದೆ, ಅಜ್ಜಿಗೆ ಇನ್ನೊಮ್ಮೆ ನೋಡಬೇಕು ಅನ್ನಿಸಿದರೆ