ಏನಾಯ್ತು ಅಂತ ಕೇಳದೆಯೂ ಜೊತೆಗಿರಬಹುದು

ಅಪಘಾತ, ಹಲ್ಲೆ, ದೌರ್ಜನ್ಯ ಅನುಭವಿಸಿದವರು ವಾರಕ್ಕೊಮ್ಮೆ ಸೇರಿ ಮಾತಾಡುವ ಗುಂಪನ್ನು ನಡೆಸುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಅಂಥದ್ದೇ ಕಷ್ಟ ದಾಟಿ ಬಂದು, ಆಮೇಲೆ ತರಬೇತಿ ಪಡೆದವಳು.

ಈ ಕೆಲಸಕ್ಕೆ ಹೊಸದಾಗಿ ಬರುವವರಲ್ಲಿ ಒಂದು ನಂಬಿಕೆ ಇರುತ್ತದೆ: ಆದದ್ದನ್ನೆಲ್ಲ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತೆ ಅಂತ. ಹಾಗೇನಿಲ್ಲ. ಘಟನೆ ನಡೆದ ಹೊಸದರಲ್ಲೇ ಜನರನ್ನು ಕೂರಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಸುವ ಪದ್ಧತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೆಲವರಿಗೆ ಅದರಿಂದ ನೋವು ಜಾಸ್ತಿಯಾಗಬಹುದು.

ಹಾಗಾದ್ರೆ ಗುಂಪಿನಲ್ಲಿ ಏನು ಮಾತಾಡ್ತೀವಿ? ನಿದ್ದೆ, ಸದ್ದು, ಬಾಗಿಲು, ಇಂಥದ್ದೇ. ಒಮ್ಮೆ ಒಬ್ಬರು, ರಾತ್ರಿ ಎದ್ದೆದ್ದು ಚಿಲಕ ನೋಡ್ತೀನಿ, ಹಾಕಿದೆ ಅಂತ ಗೊತ್ತಿದ್ರೂ ಮುಟ್ಟಿ ನೋಡಿದ್ರೇನೇ ಸಮಾಧಾನ ಅಂದರು. ವಾರಗಟ್ಟಲೆ ತುಟಿ ಬಿಚ್ಚದೆ ಕೂತಿದ್ದ ಇನ್ನೊಬ್ಬರು ತಟ್ಟನೆ ತಲೆಯೆತ್ತಿ, "ನೀವೂನಾ? ನನಗೊಬ್ಬಳಿಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ" ಅಂದರು. ಅವರಿಗೆ ಏನಾಗಿತ್ತು ಅಂತ ಆ ದಿನ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಬೆಚ್ಚಿಬೀಳುವುದು ಹುಚ್ಚಲ್ಲ, ಅಪಾಯ ಕಂಡ ಮೈ ಇನ್ನೂ ಎಚ್ಚರ ಬಿಟ್ಟಿಲ್ಲ ಅಷ್ಟೆ ಎಂದು ನಾನು ಎಷ್ಟೋ ಸಲ ವಿವರಿಸಿದ್ದೆ. ಆದರೆ ಅದೇ ಪಾಡು ಪಟ್ಟವರ ಬಾಯಿಂದ ಕೇಳಿದಾಗ ನಾಟುವುದೇ ಬೇರೆ, ಅಲ್ವಾ?

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು 1970ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ ಹೀಗೇ ಗುಂಪು ಕಟ್ಟಿಕೊಂಡು ಮಾತಾಡತೊಡಗಿದರು. ರಾಬರ್ಟ್ ಜೇ ಲಿಫ್ಟನ್ ಅವರಂಥ ಮನೋವೈದ್ಯರು ಹೋಗಿ ಅವರ ಜೊತೆ ಕೂತು ಕೇಳಿಸಿಕೊಂಡರು. ಪಿಟಿಎಸ್‌ಡಿ (ಇಂಥ ಆಘಾತ ಕಳೆದ ಮೇಲೂ ಬಿಡದೆ ಕಾಡುವ ಮಾನಸಿಕ ತೊಂದರೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ನೋವು ತಿಂದವರು ಮೊದಲು ಮಾತಾಡಿದರು, ಕಾಯಿಲೆಯ ಹೆಸರು ಆಮೇಲೆ ಬಂತು. ಈ ಕ್ರಮ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ನಮ್ಮಲ್ಲಿ ಸುಮ್ನೆ ಕೂತಿರಬಹುದು, ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಯಾರ ಕಷ್ಟ ದೊಡ್ಡದು ಅಂತ ತೂಗುವಂತಿಲ್ಲ. ಯಾರಾದರೂ ಘಟನೆಯ ವಿವರಕ್ಕೆ ಇಳಿಯುತ್ತಾ ಹೋದರೆ, "ಸ್ವಲ್ಪ ನಿಲ್ಲಿಸೋಣ, ಈಗ ನಿಮಗೆ ಹೇಗನ್ನಿಸ್ತಿದೆ?" ಅಂತ ಮೆಲ್ಲಗೆ ತಡೆಯುತ್ತೇನೆ. ಒರಟು ಅನ್ನಿಸಬಹುದು. ಆದರೆ ಪಕ್ಕದಲ್ಲಿ ಕೂತವರ ಗಾಯವೂ ಹಸಿಯೇ. ಆ ವಿವರಗಳಿಗೆ ಥೆರಪಿಸ್ಟ್ ಜೊತೆಗಿನ ಖಾಸಗಿ ಮಾತುಕತೆಯೇ ಸರಿ.

ಇನ್ನು ಸಾಯುವ ಮಾತು ಬಂದರೆ ಗುಂಪನ್ನೇ ನೆಚ್ಚಿಕೊಂಡು ಕೂರುವುದಿಲ್ಲ. ಅವರನ್ನು ಒಂಟಿಯಾಗಿ ಕಳಿಸುವುದಿಲ್ಲ, ಅಂದೇ ಡಾಕ್ಟರ ಹತ್ತಿರ ಜೊತೆಗೆ ಹೋಗುತ್ತೇವೆ. ಮುಂದಿನ ವಾರ ಅವರ ಕುರ್ಚಿ ಗುಂಪಿನಲ್ಲಿ ಇದ್ದೇ ಇರುತ್ತದೆ ಅಂತ ದಾರಿಯಲ್ಲೇ ಹೇಳಿರುತ್ತೇವೆ.